ನನಗೇನ್ ತಿಳೀತದ

ಇವತ್ತು ಬೆಳಿಗ್ಗೆ ಶೇಂಗಾ ಹುರಿಯಲು ಇಟ್ಟು ಅಂಗಳದಲ್ಲಿ ಬಟ್ಟೆ ಹರವಲು ಹೋದೆ. ವಾಸನೆ ಮೂಗಿಗೆ ಬಡಿದಾಗ ಓಡಿ ಬಂದು ನೋಡಿದರೆ ಬಾಣಲೆಯಲ್ಲಿ ಬರೀ ಇದ್ದಿಲು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ನನ್ನ ಬಾಯಿ ದೊಡ್ಡದಾಗಿ ಹೇಳಿತು: “ನನ್ನ ಕೈಯಾಗ ಯಾವ ಕೆಲಸ ನೆಟ್ಟಗ ಆಗ್ಯದ?”

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಸುಟ್ಟಿದ್ದು ಒಂದು ಹಿಡಿ ಶೇಂಗಾ. ತೀರ್ಪು ಮಾತ್ರ ಇಡೀ ಜನ್ಮಕ್ಕೆ. ಹೀಗೆ ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುವ ಚಟ ನಮ್ಮ ಮನೆತನದ ಹೆಂಗಸರಲ್ಲಿ ಎಷ್ಟು ಬೇರು ಬಿಟ್ಟಿದೆ ಎಂಬುದನ್ನು ನಾನು ಉಮರ್ಗಾದ ಗಂಗಾಕಾಕೂ ಜೊತೆ ಕಳೆದ ಒಂದು ದಿನದಲ್ಲಿ ಕಂಡೆ.

ಗಂಗಾಕಾಕೂ ನನ್ನ ತಂದೆಯ ತಮ್ಮನ ಹೆಂಡತಿ. ಕಾಕಾನದು ಮಹಾರಾಷ್ಟ್ರದ ಗಡಿಯೊಳಗಿನ ಉಮರ್ಗಾ ಪೇಟೆಯಲ್ಲಿ ಕಿರಾಣಿ ಅಂಗಡಿ. ಕಾಕೂ ದಿನಾ ನೇಮದಿಂದ ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು, ಇಡೀ ಮನೆಯನ್ನು ಮಾತಿಲ್ಲದೆ ನಡೆಸುವಾಕೆ. ಮಾತಾಡಲೇಬೇಕಾದರೆ ಮೊದಲು ಒಂದು ಪೀಠಿಕೆ ಬೇಕು: “ನನಗೇನ್ ತಿಳೀತದ್ರೀ…” ಹೋಳಿಗೆಗೆ ಬೆಲ್ಲ ಸಾಕೇ ಎಂದರೆ “ನನಗೇನ್ ತಿಳೀತದ, ಇನ್ನೊಂಚೂರು ಹಾಕು.” ಮಗಳಿಗೆ ಆ ವರ ಆದಾನೇ ಎಂದರೆ “ನನಗೇನ್ ತಿಳೀತದ, ಆ ಹುಡುಗ ಕುಡೀತಾನ.” ಅವನು ಕುಡಿಯುತ್ತಿದ್ದದ್ದು ಆಮೇಲೆ ಎಲ್ಲರಿಗೂ ತಿಳಿಯಿತು. ಆದರೆ ಪೀಠಿಕೆ ಕೇಳಿದವರು ಮುಂದಿನ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದರು.

ನಮ್ಮಲ್ಲಿ ಇದನ್ನು ವಿನಯ ಎಂದು ತಿಳಿಯುತ್ತಾರೆ. ಬಂದವರು ಅಡುಗೆ ಚೆಂದ ಆಗಿದೆ ಎಂದರೆ “ಎಲ್ಲಿ ಛಲೋ ಆಗ್ಯದ್ರೀ” ಎನ್ನದ ಹೆಂಗಸು ಸೊಕ್ಕಿನವಳು. ನಾನೂ ಆ ಶಾಲೆಯಲ್ಲಿಯೇ ಕಲಿತವಳು. ಬೇರೆಯವರಿಗಾಗಿ ಆಡಿದ ಮಾತನ್ನು ನಮ್ಮ ಕಿವಿಯೂ ಕೇಳಿಸಿಕೊಳ್ಳುತ್ತದೆ, ವರ್ಷಗಟ್ಟಲೆ ಕೇಳಿದರೆ ನಂಬಿಯೂ ಬಿಡುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಕಾಕೂ ಒಂದು ದಿನ ಯೆಣೆಗೂರಿನ ನೆಂಟರ ಮನೆಗೆ ಹೋಗಿದ್ದಳು. ಜೊತೆಗೆ ಅವರ ಓಣಿಯಲ್ಲೇ ಬಟ್ಟೆ ಹೊಲಿಯುವ ಮಹಾನಂದಾ ಎಂಬ ಹುಡುಗಿ. ತಿರುಗಿ ಬರಲು ಇಬ್ಬರೂ ಹೆದ್ದಾರಿಯ ಬದಿಯಲ್ಲಿ ಬಸ್ಸು ಕಾಯುತ್ತ ನಿಂತಿದ್ದಾಗ, ಟ್ಯಾಂಕರೊಂದನ್ನು ಹಿಂದೆ ಹಾಕಲು ಹೋದ ಬಿಳಿ ಜೀಪು ಡಾಂಬರು ಬಿಟ್ಟು ಕೆಳಗಿಳಿದು ಮಹಾನಂದಾಳನ್ನು ಗುದ್ದಿ ಕೆಡವಿತು. ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ ಎಂದೇ ಹೇಳಬೇಕು. ಜೀಪು ಓಡಿಸಿದವನು ಆ ಭಾಗದ ದೊಡ್ಡವರೊಬ್ಬರ ಮಗ. ಬಸ್ಸು ಹಿಡಿಯಲು ಹುಡುಗಿಯೇ ರಸ್ತೆಗೆ ಅಡ್ಡ ಓಡಿ ಬಂದಳು ಎಂದು ಅವರು ಹೇಳಿಸಿದರು. ಎದುರಿನ ಧಾಬಾದವರು ಏನನ್ನೂ ನೋಡಿಲ್ಲವೆಂದರು. ನೋಡಿದ್ದೇನೆ ಎನ್ನಲು ಉಳಿದವಳು ಕಾಕೂ ಒಬ್ಬಳೇ.

ಸಾಕ್ಷಿಯ ದಿನ ಹತ್ತಿರ ಬಂದಾಗ ನಾನು ನಿಲಂಗಾದಿಂದ, ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಬಂದೆ. ಅದೇ ಸಂಜೆ ಜೀಪಿನವರ ಕಡೆಯವರಿಬ್ಬರು ಅಂಗಡಿಗೆ ಬಂದರು. ಬೆದರಿಸಲಿಲ್ಲ. ಚಹಾ ಕುಡಿದರು, ಬೆಳೆಯ ಮಾತಾಡಿದರು. ಏಳುವಾಗ ಹಿರಿಯವನು ನಗುತ್ತ ಕಾಕಾನಿಗೆ ಹೇಳಿದ:

“ಕಾಕೂ ಸಾದಾ ಹೆಣ್ಮಗಳು. ಸುಳ್ಳ್ ಹೇಳಂತ ನಾವ್ಯಾಕ ಅನ್ನೋಣ್ರೀ? ದಿನಾ ಏನಂತಾಳ? ನನಗೇನ್ ತಿಳೀತದ ಅಂತ. ಕೋರ್ಟಿನ್ಯಾಗೂ ಅಷ್ಟೇ ಅಂದ್ರ ಸಾಕು.”

ಒಳಗಿನ ಬಾಗಿಲ ಮರೆಯಲ್ಲಿ ನಿಂತಿದ್ದ ಕಾಕೂ ಅದನ್ನು ಕೇಳಿಸಿಕೊಂಡಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಇಷ್ಟು ವರ್ಷ ಅವಳು ತನ್ನನ್ನು ತಾನು ಜರಿದುಕೊಂಡ ಮಾತು ಈಗ ಬೇರೆಯವರಿಗೆ ಬೇಕಾದ ಸರಕಾಗಿತ್ತು.

ಮರುದಿನ ಕೋರ್ಟಿನಲ್ಲಿ ಕಾಕೂ ಕಟಕಟೆ ಹತ್ತಿದಾಗ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈ ಕೊರಳಿನ ಲಿಂಗದ ಮೇಲೆ. ಮಹಾನಂದಾ ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ನ್ಯಾಯಾಧೀಶರು ಕಡಿಮೆ ಮಾತಿನ ಹೆಣ್ಣುಮಗಳು. ಸರಕಾರಿ ವಕೀಲರು ಮರಾಠಿಯಲ್ಲಿ, ಆ ದಿನ ಏನಾಯಿತು ಹೇಳಿ ಎಂದರು.

ಕಾಕೂ ಬಾಯಿಂದ ಬಂದ ಮೊದಲ ಮಾತು: “ಮಲಾ ಕಾಹೀ ಕಳತ್ ನಾಹೀ, ಸಾಹೇಬ.”

ಅದೇ ಪೀಠಿಕೆ, ನನಗೇನೂ ತಿಳಿಯುವುದಿಲ್ಲ ಎಂಬುದು, ಮರಾಠಿ ತೊಟ್ಟು ಬಂದಿತ್ತು. ಎದುರು ಪಕ್ಷದ ವಕೀಲರು ತಲೆಯೆತ್ತಿದರು. ಸರಕಾರಿ ವಕೀಲರು ತುಟಿ ಕಚ್ಚಿಕೊಂಡು, ಒಂದೊಂದೇ ಪ್ರಶ್ನೆ ಕೇಳಿ ಹೇಗೋ ನಾಲ್ಕು ಮಾತು ಹೊರಡಿಸಿದರು. ಆಮೇಲೆ ಎದುರಿನವರು ಎದ್ದರು. ಅವರ ದನಿ ಬಹಳ ಮೃದುವಾಗಿತ್ತು.

“ಕಾಕೂ, ನಿಮಗೆ ಏನೂ ತಿಳಿಯುವುದಿಲ್ಲ ಎಂದು ನೀವೇ ಹೇಳಿದಿರಿ, ಅಲ್ಲವೇ?”

“ಹೋ,” ಎಂದು ಒಪ್ಪಿದಳು ಕಾಕೂ.

“ಹಾಗಾದರೆ ಹುಡುಗಿ ಓಡಿದ್ದು ನಿಮ್ಮ ಲಕ್ಷ್ಯಕ್ಕೆ ಬಾರದೆ ಇರಬಹುದು?”

ಕಾಕೂ ತುಟಿ ಅಲುಗಿತು. ಇರಬಹುದು ಎನ್ನಲು ಅವಳಿಗೆ ಒಂದು ಉಸಿರು ಸಾಕಿತ್ತು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಅಷ್ಟರಲ್ಲಿ ನ್ಯಾಯಾಧೀಶರು ಗಡಿಯಾರ ನೋಡಿ, ಉಳಿದದ್ದು ಊಟದ ನಂತರ ಎಂದು ಎದ್ದರು.

ಹೊರಗೆ ಬಂದಾಗ ಸರಕಾರಿ ವಕೀಲರು ನನ್ನನ್ನು ತಡೆದರು. “ಸಾಕ್ಷಿ ಅರ್ಧಕ್ಕೆ ನಿಂತಿದೆ. ಕೇಸಿನ ಮಾತು ಒಂದೂ ಆಡಕೂಡದು,” ಎಂದರು. ಹೀಗಾಗಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಾಗ, ಆಡಬೇಕಾದ ಮಾತೇ ಬಾಯಿಗೆ ಬರುವಂತಿರಲಿಲ್ಲ. ಹಿಂದಿನ ಸಂಜೆ ಚಹಾ ಕುಡಿದು ಹೋದವನು ಸ್ವಲ್ಪ ದೂರದಲ್ಲಿ ಮೋಟಾರ್ ಸೈಕಲ್‌ಗೆ ಒರಗಿ ನಮ್ಮನ್ನೇ ನೋಡುತ್ತಿದ್ದ. ಕಾಕೂ ರೊಟ್ಟಿ ಮುರಿದಳು, ಬಾಯಿಗಿಡಲಿಲ್ಲ.

ನಾನು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ: “ಕಾಕೂ, ನೀ ಭಾಳ ಶಾಣ್ಯಾಕಿ ಇದ್ದಿ.”

“ಸುಳ್ಳ್ ಯಾಕ ಹೇಳ್ತಿ?” ಎಂದಳು ತಟ್ಟನೆ. “ಹಂಗ ಅಂದ್ರ ನನಗ ಇನ್ನೂ ಹೆದರಿಕಿ ಆಗ್ತದ.”

ಅವಳ ಮಾತು ಸರಿಯೇ ಇತ್ತು. ನನ್ನ ಹೊಗಳಿಕೆ ಅವಳ ಮೈಗೆ ಅಳತೆ ತಪ್ಪಿದ ಕುಪ್ಪಸ. ನನಗೆ ಒಮ್ಮೆಲೇ ಸಿಟ್ಟು ಬಂತು, ಅವಳ ಮೇಲಲ್ಲ, ಆ ಮಾತಿನ ಮೇಲೆ. “ನಿನಗೇನ್ ತಿಳೀತದ ಅಂತ ನಿನಗ ಮೊದಲು ಅಂದವರು ಯಾರು?” ಎಂದೆ.

ಕಾಕೂ ಮುರಿದ ರೊಟ್ಟಿಯನ್ನು ತಿರುಗಿ ಬುತ್ತಿಯಲ್ಲಿಟ್ಟಳು. ಆಮೇಲೆ, “ಯಾರೂ ಅಂದಿಲ್ಲ. ನಾನಽ ಅಂದೆ,” ಎಂದಳು.

ಅವಳ ತವರು ಭಾಲ್ಕಿ ಕಡೆಯ ಹಳ್ಳಿ. ಮದುವೆಯಾಗಿ ಬಂದಾಗ ಮರಾಠಿಯ ಒಂದಕ್ಷರ ಗೊತ್ತಿರಲಿಲ್ಲ. ಮಾವನ ಅಕ್ಕ ಮಾಳಿಗೆಯಿಂದ ಇಳಿಯುವಾಗ, ತನ್ನ ಕೈ ಹಿಡಿದು ಇಳಿಸುತ್ತಿದ್ದ ಈ ಹುಡುಗಿಗೆ “ಹಳೂ, ಹಳೂ” ಎಂದಳಂತೆ. ಮರಾಠಿಯಲ್ಲಿ ಅದು ಮೆಲ್ಲಗೆ. ಹೊಸ ಸೊಸೆಯ ಕಿವಿಗೆ ಅದು ಹಾಲು. ಓಡಿ ಹೋಗಿ ಚೊಂಬು ತುಂಬ ಹಾಲು ತಂದು ಮೆಟ್ಟಿಲ ಬುಡದಲ್ಲಿ ನಿಂತಳು.

“ಮನಿ ಮಂದಿಯೆಲ್ಲ ನಕ್ರು. ಮದವಿ ಮುಂಜಿ ಬಂದ್ರ ಅದೇ ಹೇಳಿ ನಗೋರು. ಅವರು ಅನ್ನೂದರೊಳಗ ನಾನಽ ಅಂದ್ಬಿಟ್ರ ಕಡಿಮಿ ನೋಯತದ ಅಂತ ಸುರು ಮಾಡ್ದೆ. ಆಮ್ಯಾಲ ಬಿಡ್ಲಿಕ್ಕೇ ಆಗಲಿಲ್ಲ.”

ನನಗೆ ನಗು ಬರಲಿಲ್ಲ. ಹಾಲಿನ ಚೊಂಬು ಹಿಡಿದು ನಿಂತ ಆ ಹುಡುಗಿಯೇ ಈಗ ನರೆತ ಕೂದಲಿನೊಂದಿಗೆ ನನ್ನ ಮುಂದೆ ಕೂತಿದ್ದಳು. “ಕಾಕೂ, ಅವತ್ತು ನಿನಗ ಗೊತ್ತಿಲ್ಲದ್ದು ಏನು?” ಎಂದೆ.

“ಹಳೂ ಅಂದ್ರ ಏನಂತ ಗೊತ್ತಿರಲಿಲ್ಲ.”

“ಅಷ್ಟೇನಾ?”

ಅವಳು ನನ್ನ ಮುಖ ನೋಡಿದಳು. “ಅಷ್ಟೇ,” ಎಂದಳು. ಮತ್ತೆ, ತನಗೆ ತಾನೇ, “ಅದೊಂದೇ.” ಒಳಗಿನಿಂದ ಹೆಸರು ಕೂಗಿದರು.

ಕಟಕಟೆ ಹತ್ತಿದವಳೇ ಕಾಕೂ ಕೈಮುಗಿದು ಕೇಳಿದಳು: “ಬಾಯಿಸಾಹೇಬ್ರ, ನಾ ಕನ್ನಡದಾಗ ಹೇಳ್ಲಿ?” ನ್ಯಾಯಾಧೀಶರು ಕನ್ನಡ ಬಲ್ಲ ಗುಮಾಸ್ತರೊಬ್ಬರನ್ನು ಕರೆಸಿ ಅನುವಾದಕ್ಕೆ ನಿಲ್ಲಿಸಿದರು. ಎದುರಿನ ವಕೀಲರು ಬೆಳಗಿನ ಎಳೆಯನ್ನೇ ಹಿಡಿದರು.

ಜೀಪು ಎಷ್ಟು ವೇಗದಲ್ಲಿತ್ತು?

“ಅದು ಗೊತ್ತಿಲ್ಲ.”

ಅದರ ನಂಬರು?

“ಅದೂ ನೋಡಿಲ್ಲ.”

ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ಈಕೆಯೇ ಬೆಳಿಗ್ಗೆ ಒಪ್ಪಿದಂತೆ ಈಕೆಗೆ ಏನೂ ತಿಳಿಯದು ಎಂದರು. ಗುಮಾಸ್ತರು ಅದನ್ನು ಕನ್ನಡಕ್ಕೆ ತಂದರು. ಕಾಕೂ ಕೈ ಲಿಂಗದಿಂದ ಕೆಳಗಿಳಿದು ಕಟಕಟೆಯ ಕಟ್ಟಿಗೆ ಹಿಡಿಯಿತು.

“ಮುಂಜಾನಿ ಅಂದದ್ದು ನನ್ನ ಬಾಯಿಚಟ ರೀ. ಸ್ಪೀಡ್ ನನಗ ತಿಳಿಯೂದಿಲ್ಲ, ನಂಬರ್ ನೋಡಿಲ್ಲ. ಮಹಾನಂದಾ ಓಡಿಲ್ಲ, ಅದು ಗೊತ್ತದ. ಡಾಂಬರ್ ಬಿಟ್ಟು ಮಣ್ಣಿನ್ಯಾಗ ನನ್ನ ಬಾಜೂಕ ನಿಂತಿದ್ಳು. ಸಂತ್ರಿ ಹಣ್ಣು ಸುಲೀಲತ್ತಿದ್ಳು. ಅರ್ಧ ನನ್ನ ಕೈಯಾಗ ಕೊಟ್ಟಿದ್ಳು. ಕೈಯಾಗ ಸಂತ್ರಿ ಹಿಡಕೊಂಡು ಯಾರ್ ಓಡ್ತಾರ್ರೀ? ಜೀಪಽ ನಮ್ಮ ಮ್ಯಾಲ ಬಂತು.”

“ನಿಮಗೆ ಹಾಗೆ ಅನಿಸಿರಬಹುದು.”

“ಅನಿಸಿಲ್ರೀ. ನೋಡೀನಿ.”

ಹಿಂದಿನ ಬೆಂಚಿನಲ್ಲಿ ಮಹಾನಂದಾ ಅಳುವ ಸದ್ದು ಕೇಳಿತು. ವಕೀಲರು ಇನ್ನೂ ಬಹಳ ಹೊತ್ತು ತಿರುವಿ ಮುರುವಿ ಕೇಳಿದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಗೊತ್ತಿದ್ದದ್ದಕ್ಕೆ ಗೊತ್ತದ. ಎರಡರ ನಡುವಿನ ಗೆರೆಯನ್ನು ಕಾಕೂ ಆಮೇಲೆ ಒಮ್ಮೆಯೂ ದಾಟಲಿಲ್ಲ.

ಗೆದ್ದವರ ಹಾಗೆ ನಾವು ಹೊರಗೆ ಬರಲಿಲ್ಲ. ಕಂಪೌಂಡಿನ ಗೋಡೆ ಹಿಡಿದು ಕಾಕೂ ವಾಂತಿ ಮಾಡಿಕೊಂಡಳು. ಆಮೇಲಿನ ತಿಂಗಳುಗಳೂ ಸುಖದವಲ್ಲ. ಕೆಲವು ಹಳೆಯ ಗಿರಾಕಿಗಳು ಅಂಗಡಿಯ ಮುಂದೆ ಮುಖ ತಿರುಗಿಸಿ ಹೋದರು. ಕಾಕಾ ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದ. ಕಡೆಗೆ ತೀರ್ಪು ಬಂತು: ಹುಡುಗಿಯ ತಪ್ಪಿಲ್ಲ, ಓಡಿಸಿದವನದೇ ತಪ್ಪು. ಅವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಅದು ಇನ್ನೂ ನಡೆದಿದೆ. ಮಹಾನಂದಾ ಊರುಗೋಲಿನಲ್ಲಿ ನಡೆಯುತ್ತಾಳೆ, ಎಡಗಾಲಿನಿಂದಲೇ ಮಿಷನ್ ತುಳಿಯುತ್ತಾಳೆ. ತಾನೇ ಅಡ್ಡ ಓಡಿದೆನೇನೋ ಎಂಬ ಅನುಮಾನ ಅವಳಿಗೇ ಹತ್ತಿಬಿಟ್ಟಿತ್ತಂತೆ. ಅಷ್ಟು ಮಂದಿ ಅಷ್ಟು ದಿನ ಹೇಳಿದರೆ ಯಾರಿಗಾದರೂ ಹತ್ತುತ್ತದೆ. ಕಾಕೂ ಸಾಕ್ಷಿ ಕೇಳಿದ ಮೇಲೆ ಅದು ಹೋಯಿತು ಎಂದು ಆಕೆಯೇ ನನಗೆ ಹೇಳಿದಳು.

ಕಾಕೂಳ ಬಾಯಿಚಟ ಒಂದೇ ದಿನಕ್ಕೆ ಬಿಟ್ಟಿತೆಂದು ನೀವು ತಿಳಿಯಬೇಡಿ. ಈಗಲೂ “ನನಗೇನ್…” ಎಂದು ಶುರುವಾಗುತ್ತದೆ. ಅಲ್ಲಿ ನಿಲ್ಲುತ್ತಾಳೆ. ತಿಳಿಯದಿರುವುದು ನಿಖರವಾಗಿ ಯಾವುದು ಎಂದು ಹುಡುಕುತ್ತಾಳೆ. “ನನಗ ಈ ಫೋನಿನ್ಯಾಗ ಫೋಟೋ ಕಳಸೂದು ಗೊತ್ತಿಲ್ಲ” ಎಂದು ಮುಗಿಸುತ್ತಾಳೆ. ಅಷ್ಟು ಸಣ್ಣದಾಗಿ ಹೇಳಿದ ಮೇಲೆ ಅದನ್ನು ಯಾರಾದರೂ ಕಲಿಸಬಹುದು. ಮೊಮ್ಮಗಳು ಕಲಿಸಿಯೂ ಆಯಿತು. ನಾನು ಆಕೆಯನ್ನು ನೋಡಿಯೇ ಅಭ್ಯಾಸ ಮಾಡುತ್ತಿದ್ದೇನೆ. ಇವತ್ತಿನ ಬೆಳಗನ್ನು ನೋಡಿದರೆ ಇನ್ನೂ ಕಚ್ಚಾ ವಿದ್ಯಾರ್ಥಿನಿ.

ಇದನ್ನು ಬರೆಯುತ್ತ ಕುಳಿತಾಗಲೇ ಕಾಕೂ ಫೋನು ಬಂತು. ಉದಗೀರದಲ್ಲಿ ಮಹಾನಂದಾಳ ಕಾಲಿನ ತಪಾಸಣೆಯಂತೆ, ಬಸ್ಸಿನಲ್ಲಿ ಆ ಹುಡುಗಿಗೆ ತ್ರಾಸಾಗುತ್ತದಂತೆ.

“ನೀ ಕಾರ್ ಕಲೀಲತ್ತಿದ್ದೆಲ್ಲ, ಬರ್ತದೇನು?”

ಇಂಥ ಪ್ರಶ್ನೆಗೆ ನನ್ನ ಬಳಿ ಹಳೆಯ ಉತ್ತರ ಸಿದ್ಧವೇ ಇತ್ತು: ನನಗೆಲ್ಲಿ ಬರ್ತದ ಕಾಕೂ. ಅದು ನಾಲಿಗೆಯ ತುದಿಗೂ ಬಂತು. ಬಾಯಿ ಮುಚ್ಚಿ ಸ್ವಲ್ಪ ಹುಡುಕಿದೆ.

“ಮುಂದಕ್ಕ ಹೊಡೀಲಿಕ್ಕೆ ಬರ್ತದ,” ಎಂದೆ. “ಹಿಂದಕ್ಕ ತಗೊಳ್ಳೂದು ಇನ್ನೂ ಬಂದಿಲ್ಲ.”

ಕಾಕೂ ಒಂದು ಗಳಿಗೆ ಯೋಚಿಸಿದಳು.

“ಉದಗೀರ ಮುಂದಕ್ಕೇ ಅದ,” ಎಂದಳು. “ಬಾ.”