ಬುಟ್ಟಿಯಲ್ಲಿ ಇಳಿದ ಪದಗಳು

ಕಳೆದ ವಾರ ಅಟ್ಟದ ಮೇಲಿನ ಹಳೆಯ ಡಬ್ಬಗಳನ್ನು ತೊಳೆಯಲೆಂದು ಇಳಿಸಿದೆ. ಒಂದರ ಮುಚ್ಚಳ ತೆಗೆದಾಗ ಇಂಗಿನ ವಾಸನೆ ಬಂತು. ಇಂಗು ಖಾಲಿಯಾಗಿ ಎಷ್ಟೋ ವರ್ಷಗಳಾಗಿದ್ದವು. ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಚೀಟಿ ಮಾತ್ರ ಇತ್ತು. ಬಿಡಿಸದೆಯೇ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು...

ಎಪ್ಪತ್ತರ ದಶಕದ ಮಾತು. ಯಜಮಾನರಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ, ಮದುವೆಯಾದ ಹೊಸತರಲ್ಲೇ ಕಾಶಿಗೆ ಹೋದೆವು. ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ ಕನ್ನಡದ ಪುರೋಹಿತರೊಬ್ಬರ ಮನೆ. ಕೆಳಗೆ ಅವರ ಸಂಸಾರ, ನಡುವಿನ ಅಂತಸ್ತಿನಲ್ಲಿ ನಮ್ಮ ಕಡೆಯಿಂದ ಬರುವ ಯಾತ್ರಿಗಳು, ಮೇಲೆ ನಾವು. ಯಾತ್ರಿಗಳಿಗೆಲ್ಲ ಅಡುಗೆ ಮಾಡುತ್ತಿದ್ದವಳು ಆ ಮನೆಯ ಸೊಸೆ. ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಯೋಚನೆಗೆ ಬಿದ್ದರೆ ಬಳೆಗಳನ್ನು ಮೊಣಕೈವರೆಗೆ ಏರಿಸುತ್ತಿದ್ದಳು, ಉತ್ತರ ಹೊಳೆದಾಗ ಬಿಡುತ್ತಿದ್ದಳು.

ಮನೆಯಲ್ಲೇ ಓದಿಕೊಂಡು ಬಿ.ಎ. ಕಟ್ಟಿದ್ದಳು. ಉಳಿದೆಲ್ಲ ಪಾಸಾಗಿ ಇಂಗ್ಲಿಷೊಂದರಲ್ಲೇ ಎರಡು ಸಲ ಹೋಗಿತ್ತು. ಪಾಸಾದರೆ ಭೇಲೂಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗುವ ಆಸೆ. ಇದೊಂದು ಸಲ, ಆಮೇಲೆ ಪುಸ್ತಕವೆಲ್ಲ ರದ್ದಿಗೆ ಎಂದು ಅವಳ ಅತ್ತೆ ಹೇಳಿಬಿಟ್ಟಿದ್ದರು.

ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು ಕೇಳಿದಳು: "ದೀದಿ, ನೀವು ಕಾನ್ವೆಂಟಲ್ಲಿ ಓದಿದೋರು. ನಂಗೆ ದೊಡ್ಡ ದೊಡ್ಡ ಪದ ಹೇಳ್ಕೊಡಿ. ಗುಡ್ಡು, ಬ್ಯಾಡು ಬರೆದು ಬರೆದೇ ಫೇಲಾಗಿದೀನಿ."

ಅವಳಿಗೆ ಕೂತು ಓದುವಷ್ಟು ಪುರಸೊತ್ತಿರಲಿಲ್ಲ. ನಮ್ಮ ಮೇಲಂತಸ್ತಿನಿಂದ ಒಳ ಅಂಗಳಕ್ಕೆ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯುತ್ತಿತ್ತು, ತರಕಾರಿ, ಹಾಲು ಏರಿಸಿಕೊಳ್ಳಲು. ಬೆಳಿಗ್ಗೆ ಅದರಲ್ಲಿ ಐದು ಚೀಟಿ ಇಳಿಸುತ್ತಿದ್ದೆ. ಒಂದೊಂದರಲ್ಲಿ ಒಂದು ಇಂಗ್ಲಿಷ್ ಪದ, ಕೆಳಗೆ ಕನ್ನಡದ ಅರ್ಥ. ಒಲೆಯ ಪಕ್ಕದ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿಕೊಂಡು ಅವಳು ದಿನವಿಡೀ ನೋಡುತ್ತಿದ್ದಳು. ಸಂಜೆ ಪ್ರತಿ ಪದಕ್ಕೂ ಹಿಂಬದಿಯಲ್ಲಿ ಒಂದು ಸ್ವಂತ ವಾಕ್ಯ ಬರೆದು, ಇಂಗಿನ ಕೈಯಲ್ಲೇ ಮಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ನಾನು ನೋಡಿ, ಮರುದಿನದ ಪದಗಳ ಜೊತೆ ವಾಪಸು ಇಳಿಸುತ್ತಿದ್ದೆ.

"ಇಂಗ್ಲಿಷಲ್ಲಿ ಬೇಯಿಸಿದ್ರೆ ಬೇಳೆ ಬೇಗ ಬೇಯತ್ತೇನೇ?" ಎಂದು ಅತ್ತೆ ಕುಟುಕಿದರೆ, "ಬೇಯತ್ತೆ ಅತ್ತೆ, ಒಲೆಗೆ ಹಾಕೋ ಕೋಯ್ಲಾನೂ ಉಳಿಯತ್ತೆ" ಎನ್ನುತ್ತಿದ್ದಳು. ಅತ್ತೆಗೂ ನಗು ತಡೆಯುತ್ತಿರಲಿಲ್ಲ.

ನನಗೂ ಅದು ಹಿತವಾಗಿತ್ತು. ಚೆನ್ನಾಗಿ ಬರೆದ ವಾಕ್ಯದ ಕೆಳಗೆ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೆಂಪು ಶಾಯಿಯಲ್ಲಿ ನಕ್ಷತ್ರ ಹಾಕುತ್ತಿದ್ದರು, ನಾನೂ ಹಾಕತೊಡಗಿದೆ. ಅವಳ ವಾಕ್ಯಗಳು ದಿನೇ ದಿನೇ ಪಳಗಿದವು. ಯಜಮಾನರಿಗೆ ಓದಿ ಹೇಳಿ ಹೆಮ್ಮೆಪಡುತ್ತಿದ್ದೆ.

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಅಂದು ಕಳಿಸಿದ ಪದಗಳಲ್ಲಿ 'ಇನೆವಿಟಬಲ್' ಒಂದು. ತಪ್ಪಿಸಲಾಗದ್ದು ಎಂದು ಅರ್ಥ ಬರೆದಿದ್ದೆ. ಸಂಜೆ ಅವಳ ಇಂಗ್ಲಿಷ್ ವಾಕ್ಯ ಬಂತು: "ಮಂಗಳವಾರ ನಲವತ್ತು ಯಾತ್ರಿಗಳು ಬರುತ್ತಾರೆ. ಅವರ ಅಡುಗೆ ಇನೆವಿಟಬಲ್. ನನ್ನ ಪರೀಕ್ಷೆ ಅಲ್ಲ." ಎಷ್ಟು ಚೆಂದ ತಿರುಗಿಸಿದ್ದಾಳೆ ಅನ್ನಿಸಿತು. ದೊಡ್ಡದೊಂದು ನಕ್ಷತ್ರ ಹಾಕಿ ಇಳಿಸಿದೆ.

ಮಂಗಳವಾರ ಬೆಳಿಗ್ಗೆ, ಪರೀಕ್ಷೆಗೆ ಹೋಗುವವರಿಗೆ ಅಲ್ಲಿ ಕೊಡುವಂತೆ, ಬಟ್ಟಲಲ್ಲಿ ಮೊಸರು ಸಕ್ಕರೆ ಕಲಸಿಕೊಂಡು ಕೆಳಗೆ ಹೋದೆ. ಅವಳು ದೊಡ್ಡ ಪಾತ್ರೆಯ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಇನ್ನೂ ಹೊರಟಿಲ್ವಾ? ಹೊತ್ತಾಗಲಿಲ್ವೇನೇ?"

"ಬರೆದು ಕಳಿಸಿದ್ನಲ್ಲ ದೀದಿ." ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೀಟಿ ತೆಗೆದು ನನ್ನ ಕೈಗಿಟ್ಟಳು. "ನಕ್ಷತ್ರ ಬಂತು. ಓದಿದೀರಿ ಅಂದ್ಕೊಂಡೆ. ದೀದಿ ಇವತ್ತು ಅತ್ತೆ ಹತ್ರ ಮಾತಾಡ್ತಾರೆ, ನಾಳೆ ಮಾತಾಡ್ತಾರೆ ಅಂತ ಕಾದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅತ್ತೆ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಮಾತೂ ಬೇಡ, ನಾನೇ ಸೆರಗು ಸಿಕ್ಕಿಸಿ ಅಡುಗೆಗೆ ನಿಲ್ಲಬಹುದಿತ್ತು... "ಈಗಲೇ ಹೊರಡು, ನಾನು ನೋಡ್ಕೋತೀನಿ" ಎಂದೆ. ಅವಳು ಗಡಿಯಾರದತ್ತ ನೋಡಿದಳು. ಪರೀಕ್ಷೆ ಶುರುವಾಗಿ ಒಂದು ಗಂಟೆ ಕಳೆದಿತ್ತು. ಬೆಳಗಿನ ಪೇಪರಿನ ಹೊತ್ತನ್ನು ಕೂಡ ನಾನು ಕೇಳಿಟ್ಟುಕೊಂಡಿರಲಿಲ್ಲ. ಆ ಮೊಸರನ್ನು ಅವಳು ತಿಂದು ಬಟ್ಟಲು ತೊಳೆದುಕೊಟ್ಟಳು.

ಪುಸ್ತಕಗಳು ರದ್ದಿಗೆ ಹೋದವು. ಆದರೆ ಮರುದಿನ ಬೆಳಿಗ್ಗೆ ಬುಟ್ಟಿಯ ಹಗ್ಗ ಅಲುಗಿತು. ಬಗ್ಗಿ ನೋಡಿದರೆ ಅಂಗಳದಲ್ಲಿ ನಿಂತಿದ್ದಳು. "ಇವತ್ತಿನ ಪದ ಎಲ್ಲಿ ದೀದಿ?"

ಅಂದಿನಿಂದ ನಕ್ಷತ್ರ ಹಾಕುವುದನ್ನು ಬಿಟ್ಟೆ. ಪ್ರತಿ ವಾಕ್ಯವನ್ನೂ ಎರಡು ಸಲ ಓದಿ, ಕೆಳಗೆ ಉತ್ತರ ಬರೆಯುತ್ತಿದ್ದೆ. ಸೊಂಟ ನೋವೆಂದು ಬರೆದರೆ ಎಣ್ಣೆಯ ಶೀಶೆ ಇಳಿಸುತ್ತಿದ್ದೆ. ಗಂಗೆಯ ದಂಡೆ ನೋಡಿ ತಿಂಗಳಾಯಿತೆಂದು ಬರೆದ ದಿನ ಅತ್ತೆಯನ್ನು ಕೇಳಿ ದಶಾಶ್ವಮೇಧಕ್ಕೆ ಕರೆದುಕೊಂಡು ಹೋದೆ. ಮುಂದಿನ ವರ್ಷದ ಪರೀಕ್ಷೆಯ ಮಾತನ್ನೂ ಎತ್ತಿ ನೋಡಿದೆ. ಅತ್ತೆ ನಕ್ಕು ಮಾತು ಬದಲಾಯಿಸಿದರು.

ಎರಡು ವರ್ಷಕ್ಕೆ ನಾವು ಮೈಸೂರಿಗೆ ಬಂದೆವು. ಕೆಲವು ಕಾಗದ ಬಂದವು, ಆಮೇಲೆ ನಿಂತವು. ಈಚೆಗೆ ಕಾಶಿಗೆ ಹೋಗಿಬಂದ ನಾದಿನಿ, ಆ ಮನೆ ಈಗ ದೊಡ್ಡ ಲಾಡ್ಜು, ಹಳಬರು ಯಾರೂ ಇಲ್ಲ ಎಂದಳು.

ಡಬ್ಬ ತೊಳೆಯಲಿಲ್ಲ. ಚೀಟಿಯನ್ನು ಅದರಲ್ಲೇ ಇಟ್ಟು ಮುಚ್ಚಳ ಹಾಕಿದೆ. ಅವಳು ಬರೆದ ಅಷ್ಟೊಂದು ವಾಕ್ಯಗಳಿಗೆ ಆಮೇಲೆ ಉತ್ತರ ಬರೆದೆ. ಇದೊಂದರ ಕೆಳಗೆ ಮಾತ್ರ ಬರೀ ನಕ್ಷತ್ರವಿದೆ.