ನಾಲ್ಕು ಬೆರಳು ಇಳಿದ ಛತ್ತು

ನಾನು ಕುಳ್ಳ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲಿರುವ ಮೂರ್ಖತನಕ್ಕೆಲ್ಲ ಅದೇ ಮೂಲ. ಗಡಿನಾಡಿನ ನಿಲಂಗಾದ ಬಜಾರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವವನ ಎತ್ತರ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಅರ್ಧ ಆಯುಷ್ಯ ನನ್ನ ಗುಟ್ಟು ಸುರಕ್ಷಿತವಾಗಿತ್ತು. ಅದು ರಟ್ಟಾದದ್ದು ಕಾರು ಕೊಂಡಾಗ.

ಹಿಂದೆ ಡಿಕ್ಕಿ ಇರುವ ಉದ್ದನೆಯ ಬೆಳ್ಳಿ ಬಣ್ಣದ ಸೆಡಾನು. ಮೊದಲ ದಿನ ಬಸ್‌ಸ್ಟ್ಯಾಂಡಿನ ಮುಂದೆ ಅದನ್ನು ಠೀವಿಯಿಂದ ಓಡಿಸಿಕೊಂಡು ಬಂದೆ. ಸಂಜೆ ಪಕ್ಕದ ಕಿರಾಣಿ ಅಂಗಡಿಯ ಮಲ್ಲಪ್ಪ ಬಂದು ಕೂತ.

"ಮುಂಜಾನಿ ನಿಮ್ಮ ಕಾರ್ ನೋಡಿದ್ನಿರಿ ಸಾವಕಾರ್ರ. ಒಳಗ ಮನಷಾ ಯಾರೂ ಇದ್ದಿದ್ದಿಲ್ಲ. ಬರೇ ಒಂದು ಬಿಳಿ ಟೊಪ್ಪಿಗಿ ಕಾರ್ ಹೊಡಕೋತ ಹೊಂಟಿತ್ತು."

ಇಡೀ ಬಜಾರು ಒಂದು ವಾರ ನಕ್ಕಿತು. ಸೀಟಿನ ಮೇಲೆ ದಿಂಬು ಹಾಕಿಕೊಂಡು ನೋಡಿದೆ. ತಲೆ ಮೇಲೆ ಬಂತು, ಕಾಲು ಬ್ರೇಕಿಗೆ ಮುಟ್ಟಲಿಲ್ಲ. ಎರಡರಲ್ಲಿ ಬ್ರೇಕು ಮುಖ್ಯವೆಂದು ಹೆಂಡತಿ ಹೇಳಿದಳು. ಆಗಲೇ ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಯಾವುದೋ ದೇಶದ ದಪ್ಪ ಮನುಷ್ಯನೊಬ್ಬ ತನ್ನ ಕಾರಿನ ಕಂಬಗಳನ್ನು ಕತ್ತರಿಸಿ, ಛತ್ತನ್ನು ಕೆಳಗಿಳಿಸಿ, ಮತ್ತೆ ಬೆಸೆದು, ಹೆಮ್ಮೆಯಿಂದ ಕೈಕಟ್ಟಿ ನಿಂತಿದ್ದ. ನನಗೆ ಜ್ಞಾನೋದಯವಾಯಿತು. ಕಿಟಕಿ ಸಣ್ಣದಾದರೆ ಅದರೊಳಗಿನ ಮುಖ ದೊಡ್ಡದಾಗಿ ಕಾಣುತ್ತದೆ. ನಾನು ಬೆಳೆಯುವುದು ಇನ್ನು ಸಾಧ್ಯವಿರಲಿಲ್ಲ, ಆದರೆ ಛತ್ತು ಇಳಿಯುವುದಕ್ಕೆ ಯಾರ ಅಡ್ಡಿಯೂ ಇದ್ದಂತೆ ಕಾಣಲಿಲ್ಲ.

ಹಾಗೆ ನೋಡಿದರೆ ಛತ್ತು ಇಳಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. ತೊಂಬತ್ತಮೂರರ ದೊಡ್ಡ ಭೂಕಂಪಕ್ಕೆ ಮೊದಲು ಇಲ್ಲಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ ಇತ್ತು. ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸೋರಬಾರದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಇನ್ನೊಂದಿಷ್ಟು ಮಣ್ಣು. ತಲೆಮಾರುಗಟ್ಟಲೆ ಹೀಗೆ ಪೇರಿಸಿ ಪೇರಿಸಿ, ತಣ್ಣಗಿದೆ ಎಂದು ಅದರ ಕೆಳಗೆ ಮಲಗುತ್ತಿದ್ದೆವು. ಬಾಗಿಲುಗಳೋ, ಸೊಂಟದೆತ್ತರ. ಒಳಗೆ ಬರುವವನು ವಿನಯದಿಂದ ಬಾಗಲೆಂದು ಹಿರಿಯರು ಹಾಗೆ ಮಾಡಿದರಂತೆ. ಕಟ್ಟಿಗೆ ಸಾಲದೆ ಹೋಗಿರಬೇಕೆಂದು ನನ್ನ ಅನುಮಾನ. ಭೂಕಂಪವಾದ ಮೇಲೆ ಉಳಿದ ದೊಡ್ಡ ವಾಡೆಮನೆಗಳ ಮೇಲಂತಸ್ತನ್ನು ಜನ ತಾವೇ ಕಿತ್ತು ಇಳಿಸಿದರು. ಎಲ್ಲೆಲ್ಲೂ ಪತ್ರಾ ಬಂತು. ಪತ್ರಾ ಅಂದರೆ ತಗಡು.

ನನ್ನ ಅವ್ವ ಅವತ್ತಿನಿಂದ ಪತ್ರಾದವಳಾದಳು. ಅವಳ ಅಣ್ಣ, ನನ್ನ ಸೋದರಮಾವ, ತಾನೇ ವರ್ಷವರ್ಷ ಮಣ್ಣು ಹೊತ್ತು ಹಾಕಿದ ಮಾಳಿಗೆಯ ಕೆಳಗೇ ಸಿಕ್ಕಿ ಸತ್ತ. ಮನೆಯನ್ನು ಅಷ್ಟು ಜೋಪಾನ ಮಾಡಿದವನು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಈ ಮಾತು ಬಂದಾಗ ನನಗೆ ಇವತ್ತಿಗೂ ತಮಾಷೆ ಮಾಡಲು ಆಗುವುದಿಲ್ಲ. ಅವ್ವ ಅತ್ತಳು, ಎದ್ದಳು, ಮತ್ತೆಂದೂ ತೂಕ ತಿಳಿಯದ ಛತ್ತಿನ ಕೆಳಗೆ ಕಾಲಿಡಲಿಲ್ಲ. ನಾನು ಸಿಮೆಂಟಿನ ಮನೆ ಕಟ್ಟಿದೆ. ಅವಳು ಅಂಗಳದಲ್ಲಿ ಪತ್ರಾದ ಖೋಲಿ ಹಾಕಿಸಿಕೊಂಡಳು. ಬೇಸಗೆಯಲ್ಲಿ ಅದರೊಳಗೆ ಹಪ್ಪಳ ಸುಡಬಹುದು. ಹೇಳಿದರೆ, "ಬೆವರು ಬಂದ್ರ ಒರಸ್ಕೋಬಹುದು" ಎನ್ನುತ್ತಾಳೆ.

ಆಗೆಲ್ಲ ಅವಳು ಉಮರ್ಗಾ ಕಡೆಯ ಗುಂಜೋಟಿಗೆ ತೆರೆದ ಟೆಂಪೋದಲ್ಲಿ ಹೋಗಿ ಬರುತ್ತಿದ್ದಳು. ಅಲ್ಲಿ ಅವಳ ತಂಗಿ ಕಾಶಮ್ಮ ಇದ್ದಾಳೆ. ಒಡಹುಟ್ಟಿದವರಲ್ಲಿ ಉಳಿದವರು ಅವರಿಬ್ಬರೇ. ಬರಬರುತ್ತ ಅವ್ವನ ಬೆನ್ನು ಬಾಗಿತು, ಟೆಂಪೋ ಹತ್ತಲಾಗಲಿಲ್ಲ. ಚಿಕ್ಕವ್ವನ ಮೊಣಕಾಲು ಹೋಯಿತು. ಆರು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲಿ ಜಗಳಾಡುತ್ತಿದ್ದರು, ಮುಖ ನೋಡಿರಲಿಲ್ಲ. ಸಾಯುವ ಮುಂಚೆ ಒಮ್ಮೆ ತಂಗಿ ಕಾಶಿಯನ್ನು ನೋಡಬೇಕೆಂದು ಅವ್ವ ದಿನಾ ಹಂಬಲಿಸುತ್ತಿದ್ದಳು. ಕಾರು ಕೊಂಡದ್ದು ಅವ್ವನನ್ನು ಗುಂಜೋಟಿಗೆ ಒಯ್ಯಲಿಕ್ಕೆ ಎಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೆ. ಅದರಲ್ಲಿ ನಾಲ್ಕಾಣೆ ಸತ್ಯವಿತ್ತು.

ಅವ್ವ ಕಾರಿನೊಳಗೆ ಇಣುಕಿ, ಛತ್ತಿನ ಒಳಗಿನ ಬಟ್ಟೆ ನೋಡಿ, ಹಿಂದೆ ಸರಿದಿದ್ದಳು.

"ಒಳಗ ಅರಬಿ ಹೊಚ್ಚಿ ಮುಚ್ಚಿಟ್ಟಾರ. ಅದರ ಮ್ಯಾಲ ಏನ್ ಹಾಕ್ಯಾರೋ ಯಾರು ಕಂಡಾರ?"

"ಪತ್ರಾನೇ ಅದ ಅವ್ವಾ."

"ನಿಮ್ಮ ಮಾಮಾನೂ ಏನೂ ಆಗಲ್ಲ ಅಂತಿದ್ದ."

ಕಾರು ನನ್ನ ಪಾಲಿಗೇ ಉಳಿಯಿತು, ಹಾಗಾದರೆ ನನ್ನ ಅಳತೆಗೇ ಆಗಲಿ ಎಂದು ಉದಗೀರಕ್ಕೆ ಹೊರಟೆ.

ಉದಗೀರದಲ್ಲಿ ಇಸ್ಮಾಯಿಲ್ ಮಿಸ್ತ್ರಿ ಎಂಬ ಗೆಳೆಯನಿದ್ದಾನೆ. ಭೂಕಂಪದ ನಂತರದ ವರ್ಷಗಳಲ್ಲಿ ಪತ್ರಾ ಕತ್ತರಿಸಿ ಬಗ್ಗಿಸಿಯೇ ಕೈ ಪಳಗಿದವನು, ಆಮೇಲೆ ಗಾಡಿಗಳ ಬಾಡಿ ಕೆಲಸಕ್ಕೆ ಇಳಿದ. ವಿಡಿಯೋ ನೋಡಿ ಅವನ ಕಣ್ಣು ಮಿನುಗಿತು.

"ಅರೇ ಸೇಠಜೀ, ನಾ ಮನಿ ಛತ್ತಾನೇ ಇಳಿಸೀನಿ, ಇದ್ಯಾವ ಲೆಕ್ಕ? ಫಿಕರ್ ಮಾಡಬ್ಯಾಡ್ರಿ. ಒಳಗ ಕೂಡ್ರಿ, ಮಾಪ್ ತಗೋತೀನಿ."

ಕೂತೆ. ತಲೆಯ ಮೇಲಿನ ಖಾಲಿ ಜಾಗವನ್ನು ಅಳೆಯಲು ಅವನು ಪಟ್ಟಿ ಹಿಡಿದು ಬಂದ. ನಾನು ಹಜಾಮತಿಗೆ ಕೂತವನ ಹಾಗೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡೆ. ಯಾರಾದರೂ ತಲೆಗೆ ಕೈ ಹಚ್ಚಲು ಬಂದರೆ ಟೊಪ್ಪಿಗೆ ತೆಗೆಯುವುದು ನಮ್ಮವರ ಹಳೆಯ ರೂಢಿ. ಮಿಸ್ತ್ರಿ ನನ್ನ ಬೋಳು ನೆತ್ತಿಯಿಂದ ಎರಡು ಬೆರಳು ಬಿಟ್ಟು ಕಾರಿನ ಕಂಬಕ್ಕೆ ಸುಣ್ಣದ ಗೆರೆ ಎಳೆದ. ಇಬ್ಬರಿಗೂ ಏನೂ ಹೊಳೆಯಲಿಲ್ಲ. ಹೊತ್ತು ಮುಳುಗುವವರೆಗೆ ಜನರಿಗೆ ಬಟ್ಟೆ ಅಳೆದು ಕೊಡುವ ವ್ಯಾಪಾರಿ ನಾನು. ನನ್ನ ಅಳತೆಯಲ್ಲೇ ಹೀಗೆ ಎಡವಿದ್ದಕ್ಕೆ ಏನು ಹೇಳಲಿ!

ಕೆಲಸ ಎರಡು ತಿಂಗಳು ಹಿಡಿಯಿತು. ಅದು ನಾನೆಣಿಸಿದಷ್ಟು ಸಸಾರವಲ್ಲ. ಮುಂದಿನ ಕಂಬಗಳು ಓರೆಯಾಗಿರುತ್ತವೆ, ಆದ್ದರಿಂದ ನಡುವೆ ನಾಲ್ಕು ಬೆರಳು ಕತ್ತರಿಸಿ ಇಳಿಸಿದರೆ ಮೇಲಿನ ತುಂಡು ಕೆಳಗಿನದರ ಮೇಲೆ ಕೂರುವುದಿಲ್ಲ. ಛತ್ತನ್ನು ಅಡ್ಡಕ್ಕೆ ಸೀಳಿ ಒಂದು ಪಟ್ಟಿ ಸೇರಿಸಬೇಕು. ಬಾಗಿಲುಗಳನ್ನೂ ಹಾಗೆಯೇ ಗಿಡ್ಡ ಮಾಡಬೇಕು. ಮುಂದಿನ ಗಾಜು ಮೂರನೆಯ ಸಲಕ್ಕೆ ನೆಟ್ಟಗೆ ತುಂಡಾಯಿತು. ಪಕ್ಕದ ಗಾಜುಗಳು ಕಟರ್ ತಾಗಿದೊಡನೆ ಚುರುಮುರಿಯಾಗಿ ಉದುರಿದವು. ಅವುಗಳ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಂತು. ಛತ್ತಿನ ಒಳಗಿನ ಬಟ್ಟೆ ಹೊಸ ಅಳತೆಗೆ ಹೊಂದದೆ ಮೂಲೆಗೆ ಬಿತ್ತು. ಇಂಥ ಕತ್ತರಿ ಕೆಲಸಕ್ಕೆ ಸರಕಾರದ ಒಪ್ಪಿಗೆ ಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಿಸ್ತ್ರಿ ಹೇಳಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಗಾಡಿ ತಯಾರಾಯಿತು. ಹೊರಗಿನಿಂದ ನೋಡಿದರೆ ಹುಬ್ಬು ಗಂಟಿಕ್ಕಿದ ಪೈಲವಾನನ ಹಾಗೆ ಇತ್ತು. ಖುಷಿಯಿಂದ ಒಳಗೆ ಕೂತೆ. ಟೊಪ್ಪಿಗೆ ಛತ್ತಿಗೆ ಬಡಿದು ಮೂಗಿನ ಮೇಲೆ ಬಂತು. ಹಿಂದೆ ಸರಿಸಿದೆ, ಬೆನ್ನ ಹಿಂದೆ ಬಿತ್ತು. ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಟೊಪ್ಪಿಗಿ ಮಾಪಿನಾಗ ಹಿಡೀಲೇ ಇಲ್ಲಲ್ರಿ ಸೇಠಜೀ" ಎಂದ ಮೆಲ್ಲಗೆ. "ಬೇಕಾದ್ರ ಮತ್ತ ಎಬ್ಬಸ್ತೀನಿ."

ಆಮೇಲೆ ನೋಡೋಣವೆಂದು ಟೊಪ್ಪಿಗೆಯನ್ನು ಪಕ್ಕದ ಸೀಟಿನ ಮೇಲಿಟ್ಟು, ಬರಿತಲೆಯಲ್ಲಿ ನಿಲಂಗಾದ ದಾರಿ ಹಿಡಿದೆ. ಮುಂದಿನ ಗಾಜಿನಲ್ಲಿ ರಸ್ತೆ ಅಲೆಯಲೆಯಾಗಿ ಕಾಣುತ್ತಿತ್ತು. ನಿಧಾನಕ್ಕೆ, ಮುಖ ಗಂಟು ಹಾಕಿಕೊಂಡು ನಡೆಸಿದೆ.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ದಿನಾ ಟೊಪ್ಪಿಗೆ ಇಡುವವನು ಬರಿತಲೆಯಲ್ಲಿ ಬೀದಿಗೆ ಬಂದರೆ ಅವನ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಬಾಯಿಬಿಟ್ಟು ಕೇಳುವ ಪದ್ಧತಿ ಇಲ್ಲ. ಬಜಾರಿನಲ್ಲಿ ಅಕ್ಕಪಕ್ಕದವರು ಅಂಗಡಿಯ ಶಟರು ಅರ್ಧ ಇಳಿಸುತ್ತಾರೆ. ನನ್ನ ಮನೆಯಲ್ಲಿ ಸಾಯುವ ವಯಸ್ಸಿನವರು ಯಾರಿದ್ದಾರೆಂದು ಊರಿಗೆಲ್ಲ ಗೊತ್ತು.

ನಾನು ಬಸ್‌ಸ್ಟ್ಯಾಂಡ್ ದಾಟಿ ನಮ್ಮ ಸಾಲಿಗೆ ತಿರುಗುವಷ್ಟರಲ್ಲಿ ಅರ್ಧ ಬಜಾರಿನ ಶಟರು ಇಳಿದಿತ್ತು. ಮಲ್ಲಪ್ಪ ಕೈಮುಗಿದು ಗಾಡಿಯ ಹತ್ತಿರ ಬಂದ. "ಧೈರ್ಯ ತಗೋರಿ ಸಾವಕಾರ್ರ" ಎಂದ. ಕಾರಿನ ಅವಸ್ಥೆ ನೋಡಿ ಮರುಗುತ್ತಿದ್ದಾನೆಂದು ನಾನು ತಿಳಿದೆ.

"ಆಗಿದ್ದು ಆಗಿಹೋತು ಮಲ್ಲಪ್ಪ. ಬೇಕಾದ್ರ ಮತ್ತ ಎಬ್ಬಸ್ತೀನಿ ಅಂದಾನ ಮಿಸ್ತ್ರಿ."

ಮಲ್ಲಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಮನೆಯ ಅಂಗಳದಲ್ಲಿ ಹಾರ ಹಿಡಿದ ಹತ್ತಾರು ಜನ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಯಾಕೆಂದರೆ ಅವ್ವ ತನ್ನ ಪತ್ರಾದ ಖೋಲಿಯ ಮುಂದೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಬರಿತಲೆ ನೋಡಿ ಅವಳ ಕೈ ನಿಂತಿತು.

"ಯಾರು ಸತ್ತಾರೋ?"

"ನೀನೇ" ಎಂದೆ. ಅಷ್ಟೊತ್ತಿಗೆ ನನಗೂ ಅರ್ಥವಾಗಿತ್ತು.

ಅವ್ವ ನಕ್ಕಳು. ಹಾರಗಳನ್ನು ತರಿಸಿಕೊಂಡು, ಹೂವು ಬಾಡಿದೆ ಎಂದು ಕೊರತೆ ತೆಗೆದಳು. ಆಗ ಹೆಂಡತಿ ಫೋನು ಹಿಡಿದು ಓಡಿ ಬಂದಳು. ಸುದ್ದಿ ಗುಂಜೋಟಿ ಮುಟ್ಟಿತ್ತು. ಆ ಕಡೆ ಚಿಕ್ಕವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. ಅವ್ವ ಫೋನು ಕಸಿದುಕೊಂಡಳು.

"ಏ ಕಾಶೀ, ನಾ ಇನ್ನಾ ಜೀವಂತ ಅದೀನಿ!"

"ಸುಳ್ಳು! ನನ್ನ ಸಮಾಧಾನಕ್ಕ ಯಾರೋ ಅಕ್ಕನ ದನಿ ತಗದು ಮಾತಾಡ್ಲಿಕತ್ತೀರಿ. ಅಕ್ಕ ಜೀವಂತ ಇದ್ರ ನನ್ನ ಮುಂದ ಬಂದು ನಿಲ್ಲಲಿ!"

ಅವ್ವ ಫೋನು ಕೆಳಗಿಟ್ಟಳು. ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು, ಕೋಲೂರಿಕೊಂಡು ಕಾರಿನ ಹತ್ತಿರ ಬಂದು ಬಾಗಿಲು ತೆಗೆಸಿದಳು. ಬಟ್ಟೆ ಇಲ್ಲದ ಬೋಳು ಛತ್ತು. ಮಿಸ್ತ್ರಿ ಬೆಸೆದ ಗೆರೆಗಳೆಲ್ಲ ಕಾಣುತ್ತಿದ್ದವು. ಕೈ ಎತ್ತಿದಳು; ಬಾಗಿದ ಬೆನ್ನಿನವಳಿಗೂ ಅದು ಎಟುಕಿತು. ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದಳು. ಇನ್ನೊಮ್ಮೆ ಬಡಿದಳು.

"ಹೌದೋ ತಮ್ಮಾ, ಇದು ಪತ್ರಾನೇ" ಎಂದಳು. "ನಡಿ."

ಒಳಗೆ ಹೋಗಲು ಅವಳು ಬಗ್ಗಬೇಕಾಗಲಿಲ್ಲ. ಆ ಕಾರಿನಲ್ಲಿ ಸರಿಯಾಗಿ ಹಿಡಿಸುವವರು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಗುಂಜೋಟಿ ಬರುವವರೆಗೆ ಅವಳು ಒಂದು ಅಂಗೈಯನ್ನು ಛತ್ತಿಗೆ ಒತ್ತಿ ಹಿಡಿದಿದ್ದಳು. ತೋಳು ನೋವಾದರೆ ಕೈ ಬದಲಿಸುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ನೋಡುತ್ತ ನಾನು ಗಾಡಿ ಇನ್ನಷ್ಟು ನಿಧಾನ ಮಾಡಿದೆ. ನನ್ನ ಡೌಲಿಗಾಗಿ ಇಳಿಸಿದ್ದ ಛತ್ತು ಅದು.

ಗುಂಜೋಟಿಯಲ್ಲಿ ಚಿಕ್ಕವ್ವನ ಮನೆಯ ಮುಂದೆ ನಾನು ಬರಿತಲೆಯಲ್ಲಿ ಇಳಿದದ್ದೇ ತಡ, ಹೆಂಗಸರೆಲ್ಲ ಗೊಳೋ ಎಂದರು. ನಾನು ಹಿಂದಿನ ಬಾಗಿಲು ತೆಗೆದೆ. ಅವ್ವ ಹೊರಗೆ ಬಂದಳು. ಮೊಣಕಾಲು ಹೋದ ಚಿಕ್ಕವ್ವ ಅಂಗಳದವರೆಗೆ ಹೇಗೆ ಬಂದಳೋ ಕಾಣೆ. ಅಕ್ಕನ ಮುಖ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು, ಆಮೇಲೆ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಆರು ವರ್ಷ ಕರದ್ರ ಬರ್ಲಿಲ್ಲ. ಸತ್ತ ಮ್ಯಾಲ ಬಂದೆಲ್ಲಾ, ನಾಚಿಕಿ ಇಲ್ಲದಾಕಿ!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಕಣ್ಣೊರೆಸಿಕೊಳ್ಳಲು ಟೊಪ್ಪಿಗೆ ಉಪಯೋಗಕ್ಕೆ ಬಂತು.

ಛತ್ತು ಮತ್ತೆ ಎಬ್ಬಿಸಲು ಅವ್ವ ಬಿಡಲಿಲ್ಲ. ತಿಂಗಳಿಗೊಮ್ಮೆ ಗುಂಜೋಟಿ ಆಗಲೇಬೇಕು. ಮೊನ್ನೆಯೂ ಬರಿತಲೆಯಲ್ಲಿ ಬಜಾರಿನಿಂದ ಹಾಯ್ದೆ. ಒಂದು ಶಟರೂ ಇಳಿಯಲಿಲ್ಲ. ಮಲ್ಲಪ್ಪ ಸಕ್ಕರೆ ತೂಗುತ್ತಿದ್ದವನು ತಲೆಯೆತ್ತಿ ನನ್ನ ಬೋಳು ನೆತ್ತಿ ನೋಡಿ, "ಅವ್ವಾರು ತಂಗೀ ಊರಿಗಿ ಹೊಂಟಾರೇನ್ರಿ?" ಎಂದು ಕೂಗಿದ.