ಕಾಕಾನ ಹೆಸರು ಅಳಿಸಿದ್ದು

ಅವರ ಬಲಗೈ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಸನತ್‌ನಗರದ ಕಾರ್ಖಾನೆಯ ಮಷೀನು ಅದನ್ನು ಕಚ್ಚಿಕೊಂಡ ಮೇಲೆ ಅವರನ್ನು ಸ್ಟೋರಿನ ಕಂಪ್ಯೂಟರಿಗೆ ಹಾಕಿದರಂತೆ. ಆ ಮೊಂಡುಬೆರಳಿನಿಂದಲೇ ಕುಟ್ಟುತ್ತ ಕುಟ್ಟುತ್ತ ಕೋಡ್ ಬರೆಯುವುದನ್ನು ಕಲಿತರು. ಹಳೇ ಫಾಂಟುಗಳಲ್ಲಿ ಟೈಪಾಗಿ ಬಿದ್ದಿದ್ದ ಕನ್ನಡವನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡಿಗೆ ತರುವ ತಂತ್ರಾಂಶವೊಂದನ್ನು ಕಟ್ಟಿ, ಯಾರಾದರೂ ಬಳಸಲಿ, ಯಾರಾದರೂ ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ಅವರದು ರಾಯಚೂರು ಕಡೆ. ನಾನೂ ಅದೇ ಕಡೆಯವಳು, ಹಾಗಾಗಿ ಕಾಕಾ ಎಂದೆ.

ಆ ಕೋಡಿಗೆ ನಾನು ಮೊದಲು ಕಳಿಸಿದ ತಿದ್ದುಪಡಿಯನ್ನು ಹಾಗೇ ವಾಪಸ್ ಮಾಡಿದರು. ಭಾನುವಾರ ಸಿಕಂದರಾಬಾದಿನ ಇರಾನಿ ಹೋಟೆಲಿನಲ್ಲಿ ಎದುರು ಕೂಡಿಸಿಕೊಂಡು ಹೇಳಿದರು: “ಒಮ್ಮೆಲೆ ನಲವತ್ತು ಕಡೆ ಕೈ ಹಾಕೀದಿ ತಂಗಿ. ಕೆಟ್ಟರ ಎಲ್ಲಿ ಹುಡುಕಲಿ? ಒಂದೊಂದು ಮಾಡು. ಯಾಕ ಮಾಡೀದಿ ಅಂತ ಬರೀ.”

ಅವರು ಹಾಗೇ ಬರೆಯುತ್ತಿದ್ದರು. ಒಂದು ಸಾಲು ಬದಲಿಸಿದರೂ ಜೊತೆಗೆ ಕನ್ನಡದಲ್ಲಿ ಒಂದು ಟಿಪ್ಪಣಿ. ಹನ್ನೊಂದು ವರ್ಷದ ಟಿಪ್ಪಣಿಗಳು ತಾರೀಖಿನ ಸಮೇತ ದಾಖಲಾಗಿದ್ದವು.

ಬರಬರುತ್ತ ನನಗೆ ಅವರ ನಿಧಾನ ಬೇಸರ ತಂದಿತು. ಕಾರ್ಖಾನೆಯ ಕೆಲಸ ಮುಗಿಸಿ ಅವರು ಒಂದು ತಿದ್ದುಪಡಿ ನೋಡಿ ಒಪ್ಪುವಷ್ಟರಲ್ಲಿ ವಾರ ಕಳೆಯುತ್ತಿತ್ತು. ನಾನು, ಆಫೀಸಿನ ಇಬ್ಬರು ಗೆಳೆಯರು ಕೂಡಿ ಅವರ ಕೋಡನ್ನು ಬೇರೆ ಕಡೆ ಎತ್ತಿಟ್ಟು, ಬಿಚ್ಚಿ, ಹೊಸದಾಗಿ ಜೋಡಿಸಿದೆವು. ಅವರ ಹೆಸರು, ಟಿಪ್ಪಣಿಗಳಿದ್ದ ಹಳೇ ದಾಖಲೆಯನ್ನು ತರಲಿಲ್ಲ. ಹೊಸದರ ಮೊದಲ ನಮೂದು ನನ್ನ ಹೆಸರಲ್ಲೇ ಇತ್ತು. ಬಳಸುವವರೆಲ್ಲ ನಮ್ಮ ಕಡೆ ಬಂದರು.

ಕಾಕಾ ಫೋನ್ ಮಾಡಿದರು. “ಹಳೇದೆಲ್ಲಾ ತಗದೀಯೇನು?”

“ಕೋಡ್ ಸ್ವಚ್ಛ ಆಗೈತಿ ಕಾಕಾ.”

“ಆತು” ಎಂದು ಫೋನಿಟ್ಟರು.

ಆಮೇಲೊಮ್ಮೆ ತಂತ್ರಾಂಶದವರ ಸಭೆಯೊಂದರಲ್ಲಿ ನಾನು ಅದರ ಬಗ್ಗೆ ಮಾತಾಡಿದೆ. ಮೂಲ ಯಾರದು ಎಂದು ಒಬ್ಬರು ಕೇಳಿದರು. “ಹಿಂದೆ ಯಾರೋ ಶುರು ಮಾಡಿದ್ದರು” ಎಂದೆ. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಕಾಕಾ ಕೊನೇ ಸಾಲಿನಲ್ಲಿ ಕೂತಿದ್ದು ನನಗೆ ಗೊತ್ತಿತ್ತು. ಮುಗಿದ ಮೇಲೆ ಹತ್ತಿರ ಬಂದು, “ಚೊಲೋ ಮಾತಾಡಿದಿ” ಎಂದು ಬಸ್ಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಒಬ್ಬ ಮೇಷ್ಟರು ದೂರು ಬರೆದರು. ಶಾಲೆಯ ಹಳೇ ದಾಖಲಾತಿಯನ್ನು ನಮ್ಮ ತಂತ್ರಾಂಶಕ್ಕೆ ಹಾಕಿದರೆ ‘ಕೀರ್ತಿ’ ಎಂಬ ಹುಡುಗಿ ‘ಕೀತಿರ್’ ಆಗಿದ್ದಳು. ಒಂದು ಹಳೇ ಫಾಂಟಿನಲ್ಲಿ ಮಾತ್ರ ಹೀಗೆ. ನಮಗೆ ಹತ್ತು ದಿನ ತಲೆ ಕೆಡಿಸಿಕೊಂಡರೂ ಬಗೆಹರಿಯಲಿಲ್ಲ. ನಾಚಿಕೆ ಬಿಟ್ಟು ಕಾಕಾಗೆ ಫೋನ್ ಮಾಡಿದೆ. “ಹಳೇದರ ಪ್ರತಿ ನನ್ನ ಹತ್ರ ಐತಿ, ಮನಿಗೆ ಬಾ” ಎಂದರು.

ಹೋದಾಗ ಮಂಚದ ಮೇಲಿದ್ದರು. ಪುಪ್ಪುಸ ಕೆಟ್ಟಿತ್ತು. ಎದ್ದು ಕೂತು, ಏದುಸಿರು ಬಿಡುತ್ತ ಹಳೇ ದಾಖಲೆ ತೆಗೆದರು. ನಾವು ಉಪಯೋಗವಿಲ್ಲವೆಂದು ಕಿತ್ತೆಸೆದ ಮೂರು ಸಾಲು ಅಲ್ಲಿದ್ದವು. ಕೆಳಗೆ ಅವರ ಟಿಪ್ಪಣಿ: ಈ ಫಾಂಟಿನಲ್ಲಿ ಅರ್ಕಾವತ್ತು ದಾರಿ ತಪ್ಪುತ್ತದೆ, ಇದನ್ನು ತೆಗೆಯಬಾರದು. ತಪ್ಪು ಹಿಡಿದು ತೋರಿಸಿದವಳು— ಎಂದು ನನ್ನ ಹೆಸರು. ಹೊಸದಾಗಿ ಸೇರಿದಾಗ ಎಂದೋ ಹೇಳಿದ್ದು, ನಾನೇ ಮರೆತಿದ್ದೆ. ಮೇಲೆ ಕೆಳಗೆ ನೋಡಿದೆ. ತಪ್ಪು ತೋರಿಸಿದ ಮೇಷ್ಟರು, ಪ್ರೂಫ್ ತಿದ್ದುವವರು, ಪ್ರೆಸ್ಸಿನವರು, ಎಲ್ಲರ ಹೆಸರೂ ಇದ್ದವು. ನಾನು ಅಳಿಸಿದ್ದು ಅವರೊಬ್ಬರನ್ನೇ ಅಲ್ಲ.

“ಎಲ್ಲಾ ವಾಪಸ್ ಸೇರಸ್ತೀನಿ ಕಾಕಾ” ಎಂದೆ.

“ನಿಂಗ ಅನುಕೂಲ ಆದಾಗ ಸೇರಸು” ಎಂದು ಆ ಪ್ರತಿಯನ್ನು ಕೊಟ್ಟರು.

ಮೇಷ್ಟರ ದೂರು ಅಂದೇ ಸರಿಯಾಯಿತು. ದಾಖಲೆ ಸೇರಿಸುವ ಕೆಲಸ ಮಾತ್ರ ಮುಂದಿನ ವಾರ, ಮುಂದಿನ ವಾರ ಎಂದು ಉಳಿಯಿತು. ಏಳನೇ ವಾರ ಕಾಕಾ ತೀರಿಕೊಂಡರು.

ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿ, ಕಾಕು, ನನ್ನನ್ನು ಒಳಗೆ ಕರೆದರು. “ಭಾಳ ವರ್ಷ ಅದನ್ನಽ ಹಿಡಕೊಂಡು ಕುಂತಿದ್ರವ್ವಾ. ಅವರ ಹೆಸರು ಅದರಾಗ ಐತಿಲ್ಲೋ?”

“ಐತ್ರಿ ಕಾಕು” ಎಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಹನ್ನೊಂದು ವರ್ಷದ ದಾಖಲೆಯನ್ನು ಪೂರ್ತಿ ಸೇರಿಸಿದೆ. ಸೇರಿಸಿದ್ದು ಮಣ್ಣಾದ ಮರುದಿನ ಎಂದು ಅದರಲ್ಲಿ ನಮೂದಾಯಿತು. ಅಂಥ ನಮೂದಿನ ತಾರೀಖನ್ನು ಕಾಕಾ ಇದ್ದ ದಿನಕ್ಕೆ, ಹಿಂದಕ್ಕೆ ತಳ್ಳಲು ಬರುತ್ತದೆ. ನಾನು ತಳ್ಳಲಿಲ್ಲ.